ಜಪಾನಿ ಯುಗಳಗೀತೆಗಳನ್ನು ನಾವಿಬ್ಬರೂ ಹಾಡಲು ಕಲಿತ ಬಗೆ

ಮುದ್ರಿತ ಪಕ್ಕವಾದ್ಯಕ್ಕೆ ನಾವೇ ದನಿಗೂಡಿಸಿ ಹಾಡುವ ಜಪಾನಿನ ಕರೋಕೆ ಕೋಣೆಯಲ್ಲಿ ಹಾಡು ಹುಡುಕಲು ಕೊಡುವ ಫಲಕದಲ್ಲಿ ಯುಗಳಗೀತೆಗಳಿಗೆಂದೇ ಒಂದು ವಿಭಾಗವಿದೆ. ನಾನೂ ನನ್ನ ಯಜಮಾನರೂ ಅದರಿಂದ ಮೊದಲು ಆರಿಸಿಕೊಂಡದ್ದು ಚಿತ್ರನಟ ಇಶಿಹರ ಯೂಜಿರೋ ಮತ್ತು ಮಕಿಮುರ ಜುನ್ಕೊ 1961ರಲ್ಲಿ ಹಾಡಿದ ‘ಗಿನ್ಜ಼ ನೊ ಕೊಇ ನೊ ಮೊನೊಗತರಿ’. ಜಪಾನೀಯರು ಇದನ್ನು ಚಿಕ್ಕದಾಗಿ ‘ಗಿನ್‌ಕೊಇ’ ಎನ್ನುತ್ತಾರೆ. ಗಿನ್ಜ಼ ಬಡಾವಣೆಯಲ್ಲಿ ಈ ಹಾಡಿನ ನೆನಪಿಗೆ ಒಂದು ಶಿಲೆಯನ್ನೇ ನಿಲ್ಲಿಸಿದ್ದಾರೆ. ನಾವು ಇರುವುದು ಟೋಕಿಯೊದ ಎದೊಗವ ವಾರ್ಡಿನ ನಿಶಿ ಕಸಇಯಲ್ಲಿ, ಅಂದರೆ ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಭಾರತೀಯರು ಬಹಳವಾಗಿ ನೆಲೆಸಿರುವ ಕಡೆ. ಅಲ್ಲಿನ ಭಾಷಾ ತರಗತಿಯ ಹಿರಿಯ ಶಿಕ್ಷಕಿ ನನಗೆ ಈ ಹಾಡನ್ನು ಸೂಚಿಸುವಾಗ, ಅರವತ್ತು ದಾಟಿದ ಯಾವ ಜಪಾನೀಯರ ಜೊತೆಗೂ ಇದನ್ನು ಧೈರ್ಯವಾಗಿ ಹಾಡಬಹುದು ಎಂದಿದ್ದರು. ಅದು ನಿಜವೆಂದು ಆಮೇಲೆ ಹಲವು ಕೂಟಗಳಲ್ಲಿ ಕಂಡುಕೊಂಡೆ.

ಈ ಹಾಡುಗಳ ಸ್ವಭಾವ ತಿಳಿಯಬೇಕಾದರೆ ಅವು ಬೆಳೆದ ಜಾಗವನ್ನು ಸ್ವಲ್ಪ ತಿಳಿದಿರಬೇಕು. ಇನೊಉಎ ದಇಸುಕೆ ಎಂಬ ವಾದಕರು 1971ರಲ್ಲಿ ಕೋಬೆ ನಗರದಲ್ಲಿ, ನಾಣ್ಯ ಹಾಕಿದರೆ ಟೇಪಿನ ಮೇಲೆ ಪಕ್ಕವಾದ್ಯ ಮಾತ್ರ ನುಡಿಯುವ ಯಂತ್ರವೊಂದನ್ನು ಬಾರುಗಳಿಗೆ ಬಾಡಿಗೆಗೆ ಕೊಡತೊಡಗಿದರು. ‘ಸುನಕ್ಕು’ ಎಂದು ಕರೆಯುವ ಪುಟ್ಟ ಬಾರುಗಳಲ್ಲಿ ಗಿರಾಕಿಯೂ ಅಂಗಡಿಯ ಒಡತಿಯೂ ಒಟ್ಟಿಗೆ ಹಾಡುವ ರೂಢಿ ಬೆಳೆದದ್ದರಿಂದ, ಆ ಕಾಲದ ಯುಗಳಗೀತೆಗಳು ಹೆಚ್ಚಾಗಿ ಗಂಡು ಹೆಣ್ಣಿನ ಸಂಭಾಷಣೆಗಳೇ ಆಗಿವೆ: ಒಂದು ಸಾಲು ಇವನದು, ಮರುಸಾಲು ಅವಳದು, ಕೊನೆಗೆ ಇಬ್ಬರದೂ. ನಮ್ಮ ಚಲನಚಿತ್ರ ಯುಗಳಗೀತೆಗಳನ್ನು ಕೇಳಿ ಬೆಳೆದವರಿಗೆ ಈ ರಚನೆ ಹೊಸದಲ್ಲ. ಪರದೆಯ ಮೇಲೆ ಗಂಡಿನ ಸಾಲು, ಹೆಣ್ಣಿನ ಸಾಲು, ಇಬ್ಬರೂ ಸೇರಿ ಹಾಡುವ ಸಾಲುಗಳು ಬೇರೆ ಬೇರೆ ಬಣ್ಣದಲ್ಲಿ ಬರುವುದರಿಂದ ಸರದಿ ತಪ್ಪುವ ಭಯವೂ ಇಲ್ಲ.

ನಮಗೆ ನಿಜವಾಗಿ ಕೆಲಸ ಕೊಟ್ಟದ್ದು ಶ್ರುತಿ, ಅಂದರೆ ಹಾಡಿಗೆ ಆಧಾರವಾದ ಷಡ್ಜದ (‘ಸ’ ಸ್ವರದ) ಎತ್ತರ. ಮೈಸೂರಿನಲ್ಲಿ ಕೆಲವು ವರ್ಷ ಕರ್ನಾಟಕ ಸಂಗೀತ ಕಲಿತ ನನಗೆ, ಹೆಣ್ಣಿನ ಶ್ರುತಿ ಗಂಡಿನ ಶ್ರುತಿಗಿಂತ ಹೆಚ್ಚುಕಡಿಮೆ ಪಂಚಮದಷ್ಟು, ಅಂದರೆ ‘ಸ’ದಿಂದ ‘ಪ’ದವರೆಗಿನಷ್ಟು, ಮೇಲಿರುತ್ತದೆ ಎಂಬುದು ಪಾಠದ ಮೊದಲ ದಿನಗಳಿಂದಲೇ ಗೊತ್ತು. ಹಾಗಿರುವಾಗ ಒಂದೇ ಷಡ್ಜಕ್ಕೆ ಇಬ್ಬರೂ ಹಾಡಿದರೆ ಒಬ್ಬರಿಗೆ ಮಂದ್ರದಲ್ಲಿ ಉಸಿರು ಸಾಲದು, ಇಲ್ಲವೇ ಇನ್ನೊಬ್ಬರಿಗೆ ತಾರದಲ್ಲಿ ಗಂಟಲು ಬಿಗಿಯುತ್ತದೆ. ಒಳ್ಳೆಯ ಸಂಯೋಜಕರು ಗಂಡಿನ ಸಾಲನ್ನು ಷಡ್ಜದ ಸುತ್ತಮುತ್ತಲೂ ಹೆಣ್ಣಿನ ಸಾಲನ್ನು ಪಂಚಮದ ಆಸುಪಾಸಿನಲ್ಲೂ ಇರಿಸಿ ಈ ಅಂತರವನ್ನು ತುಂಬುತ್ತಾರೆ. ಆದರೆ ಮೂಲ ಗಾಯಕರ ಕಂಠ ನಮ್ಮದಲ್ಲವಲ್ಲ. ಆದ್ದರಿಂದ ಪ್ರತಿ ಹಾಡಿನಲ್ಲೂ ನಾವು ಮೊದಲು ಇಬ್ಬರೂ ಸೇರುವ ಸಾಲನ್ನು ಮಾತ್ರ ಹಾಡಿ ನೋಡಿ, ಅಲ್ಲಿ ಇಬ್ಬರಿಗೂ ಹಿತವಾಗುವವರೆಗೆ ಯಂತ್ರದ ಕೀಯನ್ನು, ಅಂದರೆ ಪಕ್ಕವಾದ್ಯದ ಶ್ರುತಿಯನ್ನು, ಅರ್ಧರ್ಧ ಸ್ವರ ಏರಿಸಿ ಇಳಿಸಿ, ಆ ಸಂಖ್ಯೆಯನ್ನು ಸಾಹಿತ್ಯದ ಹಾಳೆಯ ಮೇಲೆ ಬರೆದಿಟ್ಟುಕೊಳ್ಳುತ್ತೇವೆ. ಒಬ್ಬರ ಒಂಟಿ ಸಾಲು ಸ್ವಲ್ಪ ಕಷ್ಟವಾದರೂ ಸಹಿಸಬಹುದು. ಕೂಡಿ ಹಾಡುವ ಕಡೆ ಯಾರಾದರೂ ಹಿಂಜರಿದರೆ ಯುಗಳಗೀತೆಯೇ ಉಳಿಯುವುದಿಲ್ಲ.

ಉಚ್ಚಾರಣೆಯ ವಿಷಯದಲ್ಲಿ ಕನ್ನಡಿಗರಿಗೆ ಇರುವ ಅನುಕೂಲವನ್ನು ನಾನು ಒತ್ತಿ ಹೇಳಬೇಕು. ರೋಮನ್ ಅಕ್ಷರದಲ್ಲಿ ಬರೆದ ಜಪಾನಿ ಸಾಹಿತ್ಯವನ್ನು ಬದಿಗಿಟ್ಟು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಜಪಾನಿ ಭಾಷೆಯ ಉಸಿರೇ ಮಾತ್ರೆಯ ಲೆಕ್ಕ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು ಎಂದು ಶಾಲೆಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿದವರಿಗೆ ಅದನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ನಾವು ಪತ್ರಿಕೆಗಳಲ್ಲಿ ‘ಒಸಾಕಾ’ ಎಂದು ಓದುವ ಊರಿನ ಹೆಸರಿನಲ್ಲಿ ದೀರ್ಘವಿರುವುದು ಮೊದಲ ಅಕ್ಷರಕ್ಕೆ ಮಾತ್ರ, ಉಳಿದೆರಡೂ ಹ್ರಸ್ವ: ಓಸಕ. ಹೀಗೆ ಅಳತೆ ಸರಿಪಡಿಸಿಕೊಂಡು ಬರೆದರೆ ತಾಳ ತಾನಾಗಿಯೇ ಕೂಡುತ್ತದೆ. ಎರಡು ಕಡೆ ಮಾತ್ರ ನಮ್ಮ ಅಭ್ಯಾಸವನ್ನು ಬಿಡಬೇಕು. ‘ಗಿನ್ಜ಼’ ಎಂಬಲ್ಲಿ ನಾವು ಇಕಾರವನ್ನೇ ಎಳೆದು ಕೊನೆಯಲ್ಲಿ ಅನುಸ್ವಾರವನ್ನು ಮುಟ್ಟಿಸುತ್ತೇವೆ, ಆದರೆ ಜಪಾನಿ ಹಾಡುಗಾರಿಕೆಯಲ್ಲಿ ಆ ನಕಾರಕ್ಕೆ ತನ್ನದೇ ಆದ ಸ್ವರ ಸಿಗುತ್ತದೆ, ಗಿ, ನ್, ಜ಼ ಎಂದು ಮೂರು ಮೆಟ್ಟಿಲಾಗಿ, ಮೂಗಿನಲ್ಲೇ ನಿಂತು. ‘ಕಿತ್ತೊ’ದಂಥ ಪದದ ಒತ್ತಕ್ಷರಕ್ಕೆ ಮುಂಚೆಯೂ ಒಂದು ಮಾತ್ರೆಯಷ್ಟು ಮೌನ ಬೇಕು. ಇನ್ನು ತಕಾರ ದಕಾರಗಳು ನಮ್ಮ ತ, ದಗಳಂತೆ ಹಲ್ಲಿಗೆ ತಾಗುವವು. ಇಂಗ್ಲಿಷಿನ ದಾರಿಯಲ್ಲಿ ಕಲಿತವರ ಬಾಯಲ್ಲಿ ಟ, ಡ ಆಗಿಬಿಡುವುದನ್ನು ಕೇಳಿದಾಗ ನನಗೆ ಕನ್ನಡ ಲಿಪಿಯ ಮೇಲೆ ಅಭಿಮಾನ ಹೆಚ್ಚುತ್ತದೆ.

ಮುಂದೆ ಕಲಿತ ಹಾಡುಗಳಲ್ಲಿ ನಾನು ಎಲ್ಲರಿಗೂ ಹೇಳುವುದು ‘ಇಜ಼ಕಯ’ವನ್ನು. ಇತ್ಸುಕಿ ಹಿರೊಶಿ ಮತ್ತು ಕಿನೊಮಿ ನನ 1982ರಲ್ಲಿ ಹಾಡಿದ ಈ ಗೀತೆಯಲ್ಲಿ, ಪಾನಗೃಹದಲ್ಲಿ ಪಕ್ಕಪಕ್ಕ ಕುಳಿತ ಇಬ್ಬರು ಅಪರಿಚಿತರು ಮಾತಿಗೆ ತೊಡಗುತ್ತಾರೆ. ಸಾಲುಗಳು ಚಿಕ್ಕವು, ಲಯ ನಿಧಾನ, ಸ್ವರಗಳು ಎಟುಕುವಷ್ಟೇ ಎತ್ತರದಲ್ಲಿವೆ. ಆದ್ದರಿಂದ ಮನಸ್ಸೆಲ್ಲ ಮಾತಿನ ಧಾಟಿಯ ಮೇಲೆ ಇರಬಹುದು. ‘ವಕರೆತೆಮೊ ಸುಕಿನ ಹಿತೊ’, 1979ರಲ್ಲಿ ಲೋಸ್ ಇಂಡಿಯೋಸ್ ತಂಡ ಮತ್ತು ಸಿಲ್ವಿಯ ಹಾಡಿದ್ದು, ಬೇರೆಯಾದ ಪ್ರೇಮಿಗಳು ಶಿಬುಯದಲ್ಲಿ ಮತ್ತೆ ಎದುರಾಗಿ ಮಳೆಯಲ್ಲಿ ನಡೆಯುವ ಕಥೆ. ಹರಜುಕು, ಅಕಸಕ ಎಂದು ಬಡಾವಣೆಗಳ ಹೆಸರು ಸಾಲಿನ ಕೊನೆಯಲ್ಲಿ ಬರುವುದರಿಂದ ಟೋಕಿಯೊದಲ್ಲಿ ಓಡಾಡಿದವರಿಗೆ ಸಾಹಿತ್ಯ ಬೇಗ ಬಾಯಿಗೆ ಬರುತ್ತದೆ. ಆದರೆ ಮದುವೆಯ ಸಂತೋಷಕೂಟದಲ್ಲಿ ಇದನ್ನು ಆರಿಸಬಾರದು, ಏಕೆಂದರೆ ಬೇರೆಯಾಗುವ, ಕಡಿದುಹೋಗುವ ಅರ್ಥದ ಮಾತುಗಳನ್ನು ಜಪಾನೀಯರು ಮದುವೆಯಲ್ಲಿ ಅಶುಭವೆಂದು ಆಡುವುದಿಲ್ಲ. ಅಂಥ ದಿನಕ್ಕೆ ನಾವು ಇಟ್ಟುಕೊಂಡಿರುವುದು ಫುಜಿತನಿ ಮಿವಕೊ ಮತ್ತು ಓಉಚಿ ಯೊಶಿಅಕಿ ಅವರ 1994ರ ‘ಅಇ ಗ ಉಮರೆತ ಹಿ’, ಪ್ರೀತಿ ಹುಟ್ಟಿದ ದಿನದ ಹಾಡು.

ಈ ಕೊನೆಯ ಹಾಡಿನ ಕಾಲಕ್ಕೆ ಇಬ್ಬರೂ ಒಂದೇ ರಾಗವನ್ನು ಮೇಲೆ ಕೆಳಗೆ ಹಾಡುವ ಹಳೆಯ ಪದ್ಧತಿಯ ಜೊತೆಗೆ ‘ಹಮೊರಿ’, ಅಂದರೆ ಒಬ್ಬರ ಸ್ವರಕ್ಕೆ ಇನ್ನೊಬ್ಬರು ಬೇರೆ ಸ್ವರವನ್ನು ಹೊಂದಿಸಿ ಹಾಡುವುದು, ಸಾಮಾನ್ಯವಾಗಿತ್ತು. ಒಂದೇ ಷಡ್ಜ, ಒಂದೇ ರಾಗ ಎಂದು ಪಳಗಿದ ಕಿವಿಗೆ ಇದು ಸುಲಭವಲ್ಲ: ಪಕ್ಕದವರು ಗಾಂಧಾರ ಹಿಡಿದಾಗ ನಾನು ಷಡ್ಜದಲ್ಲೇ ಉಳಿಯಬೇಕು ಎಂದರೆ ಮನಸ್ಸು ಅವರ ಸ್ವರದ ಕಡೆಗೇ ಜಾರುತ್ತದೆ. ನಾವು ಕಂಡುಕೊಂಡ ದಾರಿ ಹೀಗಿದೆ. ಮೊದಲು ಇಬ್ಬರೂ ಮುಖ್ಯ ರಾಗವನ್ನು ಪೂರ್ತಿ ಕಲಿಯುತ್ತೇವೆ. ನಂತರ ಧ್ವನಿಮುದ್ರಿಕೆ ಕೇಳಿ ಹಮೊರಿಯ ಸ್ವರಗಳನ್ನು ಸರಿಗಮದಲ್ಲಿ ಬರೆದು, ಅದನ್ನೇ ಸ್ವತಂತ್ರವಾದ ವರ್ಣವೆಂಬ ಸಂಗೀತರಚನೆಯಂತೆ, ಮುಖ್ಯ ರಾಗದ ನೆರಳಿಲ್ಲದೆ ಗಟ್ಟಿ ಮಾಡುತ್ತೇವೆ. ಆಮೇಲೆ ಮೊಬೈಲಿನಲ್ಲಿ ಒಬ್ಬರ ಧ್ವನಿಯನ್ನು ಮುದ್ರಿಸಿ ಅದರ ಎದುರಿಗೆ ಇನ್ನೊಬ್ಬರು ಹಾಡುತ್ತೇವೆ. ಸ್ವರ ಬರೆಯುವ ಅಭ್ಯಾಸ ಇಲ್ಲದವರಿಗೂ ಮುದ್ರಿಸಿ ಹಾಡುವ ಕ್ರಮವೊಂದೇ ಬಹಳ ದೂರ ಕರೆದೊಯ್ಯುತ್ತದೆ.

ಅಭ್ಯಾಸಕ್ಕೆ ವಾರದ ದಿನಗಳ ಮಧ್ಯಾಹ್ನ ಒಳ್ಳೆಯದು, ಆಗ ಕೋಣೆಯ ಬಾಡಿಗೆ ಸಂಜೆಗಿಂತ ಬಹಳ ಕಡಿಮೆ. ಒಳಗೆ ಹೋದ ಕೂಡಲೇ ಎಕೋ ಇಳಿಸಿ, ಪಕ್ಕವಾದ್ಯದ ಧ್ವನಿಯನ್ನೂ ತಗ್ಗಿಸಿ. ಜೊತೆಗಾರರ ಉಸಿರು ಕೇಳಿಸುವಂತಿದ್ದರೆ ಮಾತ್ರ ಸಾಲಿನ ಮೊದಲ ಅಕ್ಷರ ಇಬ್ಬರದೂ ಒಂದೇ ಗಳಿಗೆಗೆ ಏಳುತ್ತದೆ. ಅಂಕ ಕೊಡುವ ವ್ಯವಸ್ಥೆ ಒಂಟಿಯಾಗಿ ಕಲಿಯುವಾಗ ಉಪಯುಕ್ತ. ಕೆಳಗಿನಿಂದ ಸ್ವರಕ್ಕೆ ಜಾರುವುದನ್ನೂ, ‘ಕೊಬುಶಿ’ ಎಂಬ ನಮ್ಮ ಗಮಕಕ್ಕೆ ಹತ್ತಿರವಾದ ತಿರುವನ್ನೂ ಅದು ಎಣಿಸಿ ತೋರಿಸುತ್ತದೆ. ಆದರೆ ಸಾಮಾನ್ಯ ವಿಧಾನದಲ್ಲಿ ಅದು ಹೋಲಿಸುವುದು ಮುಖ್ಯ ರಾಗಕ್ಕೆ ಮಾತ್ರ. ಹಮೊರಿ ಹಾಡುವವರು ಎಷ್ಟು ಸರಿಯಾಗಿ ಹಾಡಿದರೂ ಅಂಕ ಇಳಿಯುತ್ತದೆ. ಹೀಗಾಗಿ ಇಬ್ಬರೂ ಒಟ್ಟಿಗೆ ಹಾಡಲು ನಿಂತಾಗ ನಾವು ಅದನ್ನು ನಿಲ್ಲಿಸಿಬಿಡುತ್ತೇವೆ. ಈಗ ಕೈಗೆತ್ತಿಕೊಂಡಿರುವುದು ಸುಜ಼ುಕಿ ಕಿಯೊಮಿ ತಮ್ಮ ಒಡಹುಟ್ಟಿದ ತಮ್ಮ ಮಸಯುಕಿಯವರ ಜೊತೆ 1987ರಲ್ಲಿ ಹಾಡಿದ ‘ಲೋನ್ಲಿ ಚಾಪ್ಲಿನ್’. ಅದರ ಸಾಲುಗಳು ತಾಳದ ಪೆಟ್ಟಿಗೆ ಮುಂಚೆ ಮತ್ತು ನಂತರ ಏಳುವುದರಿಂದ, ಸದ್ಯಕ್ಕೆ ಮೈಕನ್ನು ಬದಿಗಿಟ್ಟು ಕೈತಾಳ ಹಾಕುತ್ತ ಸಾಹಿತ್ಯವನ್ನು ಬರಿದೇ ಹೇಳಿಕೊಳ್ಳುತ್ತಿದ್ದೇವೆ.