ಹಳೆಯ ಕಾರಿನ ಪೂರ್ವಾಪರ: ಆರ್‌ಸಿ ಪುಸ್ತಕ ಓದುವುದು ಹೇಗೆ?

ಹಳೆ ಫಿಯೆಟ್ 1100 ಆಗಲಿ, ಅಂಬಾಸಿಡರ್ ಆಗಲಿ, ಕೊಳ್ಳುವವರ ಕಣ್ಣು ಮೊದಲು ಹೋಗುವುದು ನಂಬರ್ ಪ್ಲೇಟಿನತ್ತ. ಹಿಡಿಯಬೇಕಾದ ಎಳೆ ಮಾತ್ರ ಚಾಸಿ ನಂಬರ್, ಅಂದರೆ ಗಾಡಿಯ ಚೌಕಟ್ಟಿನ ಮೇಲೆ ಒತ್ತಿದ ಸಂಖ್ಯೆ. ಪ್ಲೇಟ್, ಎಂಜಿನ್ ಎರಡೂ ಬದಲಾಗಿರಬಹುದು. ಚಾಸಿ ನಂಬರ್ ತಾಳೆಯಾಗದಿದ್ದರೆ ಕಾಗದ ಆ ಗಾಡಿಯದಲ್ಲ.

ಮೊದಲು ಅದರ ಅಚ್ಚು ತೆಗೆಯಿರಿ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಹೊದಿಸಿ, ಜಿಡ್ಡು ನೆನೆದ ಮೇಲೆ ನೈಲಾನ್ ಬ್ರಷ್‌ನಿಂದ ಉಜ್ಜಿ. ತಂತಿ ಬ್ರಷ್, ಉಪ್ಪುಕಾಗದ ಬೇಡವೇ ಬೇಡ. ಆಳವಿಲ್ಲದ ಅಂಕಿ ಸವೆದರೆ ಆರ್‌ಟಿಒ ತಪಾಸಣೆಯಲ್ಲಿ ನಂಬರ್ ತಿದ್ದಿದ್ದಾರೆಂಬ ಅನುಮಾನ ಬರುತ್ತದೆ. ಒಣಗಿದ ಮೇಲೆ ತೆಳು ಕಾಗದ ಅಂಟಿಸಿ 2ಬಿ ಪೆನ್ಸಿಲನ್ನು ಅಡ್ಡಲಾಗಿ ಆಡಿಸಿ. 3 ಮತ್ತು 8, 1 ಮತ್ತು 7 ಗೊಂದಲ ಹುಟ್ಟಿಸುತ್ತವೆ. ಟಾರ್ಚನ್ನು ಓರೆಯಾಗಿ ಹಿಡಿದರೆ ನೆರಳಿನಲ್ಲಿ ಅಂಕಿ ಎದ್ದು ಕಾಣುತ್ತದೆ.

ಇನ್ನು ಆರ್‌ಸಿ ಪುಸ್ತಕ. ಕೊನೆಯ ಮಾಲೀಕರಿಂದ ಹಿಂದಕ್ಕೆ ಓದುತ್ತ ಬನ್ನಿ. ಪ್ರತಿ ವರ್ಗಾವಣೆಗೂ ತಾರೀಖು, ಮೊಹರು, ಸಹಿ ಇರಬೇಕು. ಹೆಸರುಗಳಿಗಿಂತ ನಡುವಿನ ಖಾಲಿ ವರ್ಷಗಳೇ ಹೆಚ್ಚು ಹೇಳುತ್ತವೆ: ಗಾಡಿ ಶೆಡ್ಡಿನಲ್ಲಿ ನಿಂತಿತ್ತೋ, ಬರಿ ಬಾಂಡ್ ಕಾಗದದ ಮೇಲೆ ಕೈ ಬದಲಿಸಿತ್ತೋ ಎಂದು ಅಲ್ಲಿಯೇ ವಿಚಾರಿಸಬೇಕು. ಕಂತಿನ ಸಾಲದ ನಮೂದು ರದ್ದಾಗಿದೆಯೇ ನೋಡಿ. ‘ಡುಪ್ಲಿಕೇಟ್’ ಮೊಹರಿದ್ದರೆ ಹಳೆಯ ವರ್ಗಾವಣೆಗಳು ಅದರಲ್ಲಿ ಸಿಗದೇ ಇರಬಹುದು.

ನಮ್ಮ ಧಾರವಾಡ ಭಾಗದಲ್ಲಿ ಊರು-ರಾಜ್ಯಗಳ ಲೆಕ್ಕವನ್ನೂ ಹಾಕಬೇಕು. 1956ರ ನವೆಂಬರ್ 1ರವರೆಗೆ ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು. ಬಿ.ಎಂ. ಅಕ್ಷರದ ನಂಬರ್ ಆ ಆಡಳಿತದ್ದು, ಎಂ.ವೈ. ಮೈಸೂರು ರಾಜ್ಯದ್ದು. ಆದರೆ ಬಿ.ಎಂ. ಇದ್ದ ಮಾತ್ರಕ್ಕೆ ಗಾಡಿ ಧಾರವಾಡದ್ದೇ ಎನ್ನಲಾಗದು, ಮುಂಬಯಿ ರಾಜ್ಯ ಗುಜರಾತಿನವರೆಗೂ ಹಬ್ಬಿತ್ತು. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಗಾಡಿಗೆ ಕೆಎ-26, ಕೆಎ-27 ಕಚೇರಿಗಳಲ್ಲಷ್ಟೇ ಹುಡುಕಿದರೆ ಸಾಲದು, ಧಾರವಾಡದಲ್ಲಿ ಕೇಳಿ. ಹಳೆಯ ಇಂಗ್ಲಿಷ್ ಬರಹದಲ್ಲಿ ಊರಿನ ಹೆಸರು ‘ಧಾರ್ವಾರ್’, ‘ಹುಬ್ಳಿ’ ಎಂದಿರುತ್ತದೆ.

ಪುಸ್ತಕದಲ್ಲಿ ಸಿಗದ್ದಕ್ಕೆ ‘ಬಿ ಎಕ್ಸ್‌ಟ್ರಾಕ್ಟ್’ ಪಡೆಯಿರಿ. ನೋಂದಣಿ ಕಚೇರಿಯ ಬಿ ರಿಜಿಸ್ಟರಿನ ಪ್ರತಿ ಇದು. ಅರ್ಜಿಯೊಂದಿಗೆ ಗಾಡಿ ನಂಬರ್, ಚಾಸಿ ಅಚ್ಚು, ಗುರುತಿನ ಚೀಟಿ ಇರಲಿ. ಕಂಪ್ಯೂಟರಿನಲ್ಲಿ ವಿವರವಿಲ್ಲ ಎಂದರೆ ಗಾಡಿಯೇ ದಾಖಲಾಗಿಲ್ಲ ಎಂದರ್ಥವಲ್ಲ. ಹಳೆಯ ನಂಬರುಗಳೆಲ್ಲ ಸರ್ಕಾರದ ಕಂಪ್ಯೂಟರ್ ದಾಖಲೆಯಾದ ‘ವಾಹನ್’ಗೆ ಏರಿಲ್ಲ, ಕೈಬರಹದ ಲೆಡ್ಜರ್ ನೋಡಲು ಲಿಖಿತವಾಗಿ ಕೋರಿ. ಮಾಹಿತಿ ಹಕ್ಕಿನಡಿ ಕೇಳುವುದಾದರೆ ವರ್ಗಾವಣೆಯ ತಾರೀಖುಗಳನ್ನಷ್ಟೇ ಕೇಳಿ. ಮಾಲೀಕರ ವಿಳಾಸ ಕೇಳಿದರೆ ಖಾಸಗಿ ಮಾಹಿತಿಯೆಂದು ಅರ್ಜಿ ತಿರಸ್ಕೃತವಾಗುವ ಸಂಭವ ಹೆಚ್ಚು.

ಬೇರೆ ರಾಜ್ಯದಿಂದ ಬಂದ ಗಾಡಿಗೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಅಂದರೆ ನಮೂನೆ 28 ಬೇಕು.

ಇಷ್ಟೆಲ್ಲ ಶ್ರಮಕ್ಕೆ ಫಲವಿದೆ. 2021ರ ವಿಂಟೇಜ್ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿ ಈಗಾಗಲೇ ನೋಂದಣಿಯಾಗಿದ್ದರೆ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಾಯಿಸಿದರೆ 20,000 ರೂಪಾಯಿ ಶುಲ್ಕ, ಜೊತೆಗೆ ‘ವಿಎ’ ಸರಣಿಯ ಹೊಸ ನಂಬರ್.