ಹಿಮ್ಮಡಿಗೆ ಕರಿ ಕುರಿಯ ಉಣ್ಣೆ: ನನ್ನ ಅನುಭವ

ಕಾಲುಚೀಲ ಹೆಣೆಯುವವರಿಗೆಲ್ಲ ಇರುವ ತಲೆನೋವು ಒಂದೇ. ಮೇಲೆಲ್ಲ ಹೊಸದರ ಹಾಗೇ ಇರುತ್ತದೆ, ಹಿಮ್ಮಡಿ ಮಾತ್ರ ತೂತು. ಅದಕ್ಕೇ ಕಂಪನಿಯವರು ಕಾಲುಚೀಲದ ನೂಲಿಗೆ ಸುಮಾರು ಕಾಲು ಭಾಗ ನೈಲಾನ್ ಬೆರೆಸುವುದು. ಆ ನೂಲು ಕೇಳಿದರೆ ದಾವಣಗೆರೆ ಅಂಗಡಿಯಲ್ಲಿ ಅಕ್ರಿಲಿಕ್ ಉಂಡೆ ತೆಗೆದು ಮುಂದಿಡುತ್ತಾರೆ. ಹೊರಗಿನಿಂದ ತರಿಸಿದರೆ 100 ಗ್ರಾಮಿಗೆ 1,300 ರೂಪಾಯಿ ಹತ್ತಿರ ಬೀಳುತ್ತದೆ, ಕೊರಿಯರ್ ಬೇರೆ. ಒಂದು ಜೊತೆ ಮಾರಿದರೆ ಕೈಗೆ ಉಳಿಯುತ್ತಿದ್ದುದು ಒಂದು ಬೆಣ್ಣೆ ದೋಸೆಯ ದುಡ್ಡು. ನೈಲಾನ್ ಇಲ್ಲದ ಮೆರಿನೊ (ಮೆತ್ತನೆಯ ಒಂದು ಜಾತಿ ಕುರಿ ಉಣ್ಣೆ) ಅರ್ಧ ಬೆಲೆಗೆ ಸಿಗುತ್ತಿತ್ತು, ಆದರೆ ಹಿಮ್ಮಡಿ ಎರಡು ತಿಂಗಳು ತಡೆದರೆ ಹೆಚ್ಚು.

ನೈಲಾನ್ ಬದಲು ಹಿಮ್ಮಡಿಗೆ ಚಳ್ಳಕೆರೆ ಕಡೆಯ ಕರಿ ಕುರಿಯ ಕಂಬಳಿ ಉಣ್ಣೆ ಹಾಕುತ್ತೇನೆ ಅಂದಾಗ ಜೊತೆಗೆ ಹೆಣೆಯುವ ಹೆಂಗಸರು ನಕ್ಕಿದ್ದೇ ನಕ್ಕಿದ್ದು. "ಕಾಲಿಗೆ ತೆಂಗಿನ ನಾರು ಸುತ್ಕೊಂಡಂಗಾಗುತ್ತೆ ಬಿಡ್ರೀ" ಅಂದರು ಒಬ್ಬರು. ನಮ್ಮ ಮನೆಯವರ ಪ್ರಶ್ನೆ ಇನ್ನೂ ಸರಳ: ದಾವಣಗೆರೆ ಬಿಸಿಲಿಗೆ ಉಣ್ಣೆ ಕಾಲುಚೀಲ ಯಾರಿಗೆ? ಕೊಳ್ಳುವವರು ಬೆಂಗಳೂರಿನ ಎಸಿ ಆಫೀಸಿನಲ್ಲಿದ್ದಾರೆ, ಮಕ್ಕಳನ್ನು ಅಮೆರಿಕಕ್ಕೆ ಕಳಿಸಿದ ಅಪ್ಪ ಅಮ್ಮಂದಿರಿದ್ದಾರೆ. ಆ ಚಿಂತೆ ನನಗೆ ಬಿಡಿ ಅಂದೆ.

ಮೊದಲು ಕಂಬಳಿ ನೇಯುವವರ ಹತ್ತಿರ ಸಿದ್ಧ ನೂಲನ್ನೇ ತಂದೆ. ಅದು ಒಂದೆಳೆ, ಹುರಿಯೂ ಸಡಿಲ. ಮಗ್ಗಕ್ಕೆ ಸರಿ, ಅಲ್ಲಿ ಹುಣಸೆಬೀಜದ ಗಂಜಿ ಹಚ್ಚಿ ಗಟ್ಟಿ ಮಾಡುತ್ತಾರೆ. ಹೆಣಿಗೆಯಲ್ಲಿ ಒಂದೆಳೆ ನೂಲು ಒಂದೇ ಕಡೆಗೆ ವಾಲುತ್ತದೆ, ಹಿಮ್ಮಡಿ ಓರೆಯಾಗಿ ಕೂತಿತು. ಗಂಜಿ ಹಚ್ಚಿ ನೋಡಿದೆ, ಚುಚ್ಚಿತು, ಒಗೆದ ಕೂಡಲೇ ಬಿಟ್ಟೂ ಹೋಯಿತು. ಅಷ್ಟರಲ್ಲಿ ಬಸ್ಸು, ನೂಲು ಎಲ್ಲ ಸೇರಿ ಮೂರು ಸಾವಿರದ ಮೇಲೆ ಹೋಗಿತ್ತು.

ಆಮೇಲೆ ಮರಿಗಳ ಮೊದಲ ಕತ್ತರಿಯ ತುಪ್ಪಟ, ಅಂದರೆ ಇನ್ನೂ ನೂಲದ ಉಣ್ಣೆ, ಹುಡುಕಿಕೊಂಡು ಹೋದೆ. ಕುರಿಗಾರರ ಮನೆಯ ಅಜ್ಜಿಯೊಬ್ಬರು ತಕಲಿ ತಿರುಗಿಸುತ್ತಾ ಕೂತಿದ್ದರು. ಯಾತಕ್ಕೆ ಅಂತ ಹೇಳಿದ್ದೇ ತಡ, ತಕಲಿ ನಿಂತಿತು. "ದೇವರಿಗೆ ಗದ್ದುಗೆ ಹಾಸೋದು ಕಣವ್ವಾ ಇದು. ಕಾಲಿಗೆ ಹಾಕ್ತೀಯಾ?" ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ, ಕಂಬಳಿಗೆ ಆಗದ ಗಿಡ್ಡ ಎಳೆಯ ಮರಿ ತುಪ್ಪಟ ಮೂಲೆಯಲ್ಲಿದೆ, ಅದನ್ನು ಒಯ್ಯಿ ಅಂದರು. ಕೆಜಿಗೆ 40 ರೂಪಾಯಿ ಕೊಟ್ಟ ನೆನಪು. ಆ ಮೂಲೆ ಚೀಲವೇ ನನ್ನ ಕೈ ಹಿಡಿದದ್ದು.

ಮರಿ ತುಪ್ಪಟ ದೊಡ್ಡ ಕುರಿಯದಕ್ಕಿಂತ ಮೆತ್ತಗೆ, ಆದರೂ ಮೆರಿನೊ ಅಲ್ಲ. ಚುಚ್ಚುವುದೇ ಅದರೊಳಗಿನ ದಪ್ಪ ಸೆಟೆ ಕೂದಲು. ಹಿಂಜುವಾಗ ಕೂತು ಅದನ್ನು ಹೆಕ್ಕಿ ತೆಗೆಯಬೇಕು, ಬೇರೆ ದಾರಿ ಇಲ್ಲ. ತೊಳೆಯಲು ನಮ್ಮ ಬೋರ್‌ವೆಲ್ ಗಡಸು ನೀರು, ಸೋಪು ಎರಡೂ ಬೇಡ, ಬಿಳಿ ಜಿಡ್ಡು ಕಚ್ಚಿಕೊಳ್ಳುತ್ತದೆ. ಅಂಟುವಾಳ ಮತ್ತು ಮಳೆ ನೀರು. ನೂಲುವ ಮುಂಚೆ ಕೈಗೆ ಒಂದು ಎಣ್ಣೆ ಸವರಿಕೊಳ್ಳುತ್ತೇನೆ, ಯಾವುದು ಅಂತ ಕೇಳಬೇಡಿ. ಬಿಗಿಯಾಗಿ ನೂತು, ಮೂರೆಳೆ ಹುರಿ.

ಹೆಣಿಗೆಯಲ್ಲಿ ಹೊಸದೇನಿಲ್ಲ. 2.25 ಮಿ.ಮೀ. ಕಡ್ಡಿ, 64 ಕುಣಿಕೆ, ಮೇಲೆಲ್ಲ ಮೆರಿನೊ. ಹಿಮ್ಮಡಿ ಬಂದಾಗ 32 ಕುಣಿಕೆಗೆ 2 ಮಿ.ಮೀ. ಕಡ್ಡಿ, ಕರಿ ನೂಲು, ಒಂದು ಕುಣಿಕೆ ಬಿಟ್ಟು ಒಂದು ಹೆಣೆಯುವುದು. ಬೆರಳ ತುದಿಗೂ ಅದೇ ನೂಲು. ಒಂದು ಜೊತೆ ಕಾಲುಚೀಲಕ್ಕೆ ಕರಿ ನೂಲು 20 ಗ್ರಾಂ ದಾಟುವುದಿಲ್ಲ. ಆದರೆ ಮೆರಿನೊ ಸೂಪರ್‌ವಾಶ್ (ಒಗೆದರೂ ಮುದುಡದಂತೆ ಹದ ಮಾಡಿದ್ದು) ಇರಲೇಬೇಕು. ಸಾದಾ ಮೆರಿನೊ ಒಗೆದಂತೆಲ್ಲ ಮುದುಡುತ್ತದೆ, ಕಂಬಳಿ ಉಣ್ಣೆ ಅಷ್ಟು ಮುದುಡುವುದಿಲ್ಲ, ಕೂಡುವ ಜಾಗದಲ್ಲಿ ಸುಕ್ಕು. ಹಾಗೆ ನಾಲ್ಕೈದು ಜೊತೆ ಮಣ್ಣುಪಾಲಾದವು.

ನಡುವೆ ಚೊಗರಿನ ಹುಚ್ಚೂ ಹತ್ತಿತ್ತು. ಚನ್ನಗಿರಿ ಕಡೆ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕೆಂಪು ನೀರು ಎರಡು ಕ್ಯಾನ್ ತಂದೆ. ಕರಿ ಉಣ್ಣೆಗೆ ಅದ್ದಿದರೆ ಏನೂ ಕಾಣದು. ಬಿಳಿ ಮರಿಯ ಉಣ್ಣೆಯನ್ನು ಪಟಿಕದ ನೀರಲ್ಲಿ ನೆನೆಸಿ ಅದ್ದಿದೆ, ಒಳ್ಳೆ ಕೆಂಗಂದು ಬಂತು. ಅದೇ ನೂಲನ್ನು ತುಕ್ಕು ಮೊಳೆ ಹಾಕಿಟ್ಟ ನೀರಿಗೆ ಬಿಟ್ಟರೆ ಕಪ್ಪಿಗೆ ತಿರುಗಿತು. ಬಿಳಿ ಉಣ್ಣೆ ಹುಡುಕಿ ತಂದು ಕಪ್ಪು ಮಾಡಿದ್ದು ನೋಡಿ ಅತ್ತೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಮೊಳಕಾಲ್ಮೂರು ಸೀರೆ ಮಗ್ಗದ ತುಂಡು ರೇಷ್ಮೆ ಎಳೆಯನ್ನೂ ಹುರಿಯಲ್ಲಿ ಸೇರಿಸಿ ನೋಡುತ್ತಿದ್ದೇನೆ. ಗಟ್ಟಿ ಬರುತ್ತಿದೆ, ಆದರೆ ಬೇರೆ ಬೇರೆ ಬಣ್ಣದ ತುಂಡು ಸೇರಿ ಹಿಮ್ಮಡಿ ಜಾತ್ರೆಯಾಗುತ್ತಿದೆ.

ಈಗ ಒಂದು ಜೊತೆಗೆ 900 ರೂಪಾಯಿ ತೆಗೆದುಕೊಳ್ಳುತ್ತೇನೆ. ಖರ್ಚು ಕಳೆದು 400 ಚಿಲ್ಲರೆ ನಿಲ್ಲುತ್ತದೆ, ಹೆಣೆದ ಕೂಲಿ ಅದರಲ್ಲೇ. ನಕ್ಕವರಲ್ಲೇ ಇಬ್ಬರು ಕರಿ ನೂಲು ಕೇಳಿಕೊಂಡು ಬಂದರು, ಗ್ರಾಮಿಗೆ ಎರಡು ರೂಪಾಯಿ ಅಂದೆ, ಚೌಕಾಸಿ ಮಾಡದೆ ಒಯ್ದರು. ಹಿಮ್ಮಡಿ ತೂತು ಬಿದ್ದರೆ ವಾಪಸ್ ತನ್ನಿ, ಪುಕ್ಕಟೆ ಹೆಣೆದುಕೊಡುತ್ತೇನೆ ಅಂತ ಕೊಳ್ಳುವವರಿಗೆಲ್ಲ ಹೇಳಿದ್ದೇನೆ. ವರ್ಷದ ಮೇಲಾಯಿತು, ವಾಪಸ್ ಬಂದದ್ದು ಒಂದೇ ಜೊತೆ, ಅದೂ ಇಲಿ ಕಡಿದದ್ದು. ಅದಕ್ಕೆ ದುಡ್ಡು ತಗೊಂಡೆ.