ಒಂದು ಹಾವಿಗೆ ಒಂದು ಗೂಡು: ಜೋಡಿಯಾಗಿ ಇಟ್ಟವರು ಬೇರ್ಪಡಿಸುವುದು ಹೇಗೆ?

ಗದ್ದೆ ಬದುವಿನಲ್ಲಿ ಎರಡು ಕೇರೆ ಹಾವು ಹುರಿಹಗ್ಗದಂತೆ ಹೆಣೆದುಕೊಂಡು ಎದ್ದು ನಿಂತರೆ ‘ಹಾವು ಕೂಡುತ್ತಿವೆ’ ಎಂದು ಊರೆಲ್ಲ ದೂರದಲ್ಲಿ ನಿಂತು ನೋಡುತ್ತದೆ. ಒಂದು ಕೇರೆ, ಇನ್ನೊಂದು ನಾಗರ ಎಂದು ಹೇಳುವವರೂ ಉಂಟು. ಅಸಲಿಗೆ ಎರಡೂ ಕೇರೆ, ಎರಡೂ ಗಂಡು, ನಡೆಯುತ್ತಿರುವುದು ಕುಸ್ತಿ. ಒಂದರ ತಲೆಯನ್ನು ಇನ್ನೊಂದು ನೆಲಕ್ಕೆ ಒತ್ತಬೇಕು, ಸೋತದ್ದು ಜಾಗ ಬಿಟ್ಟು ಹೋಗಬೇಕು. ಮನೆಯಲ್ಲಿ ಸಾಕುವ ಹಾವನ್ನೂ ನಾವು ಹೀಗೇ ತಪ್ಪಾಗಿ ಓದುತ್ತೇವೆ. ಗಾಜಿನ ಪೆಟ್ಟಿಗೆಯಲ್ಲಿ ಎರಡು ಬಾಲ್ ಪೈಥಾನ್ (ಆಫ್ರಿಕಾದ ಪುಟ್ಟ ಹೆಬ್ಬಾವು) ಒಂದರ ಮೇಲೊಂದು ಸುರುಳಿ ಸುತ್ತಿ ಮಲಗಿದರೆ ‘ಎಷ್ಟು ಅನ್ಯೋನ್ಯ’ ಎನಿಸುತ್ತದೆ. ಹೆಚ್ಚಿನ ಸಲ ಅದರರ್ಥ ಇಷ್ಟೇ: ಬೆಚ್ಚಗಿರುವ ಮೂಲೆ ಒಂದೇ ಇದೆ, ಎರಡಕ್ಕೂ ಅದೇ ಬೇಕು. ಗದ್ದೆಯಲ್ಲಾದರೆ ಸೋತ ಹಾವು ಹೊರಟುಹೋಗುತ್ತದೆ. ಪೆಟ್ಟಿಗೆಯಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ.

ಹಾಗಾಗಿ ಬಾಲ್ ಪೈಥಾನ್ ಇರಲಿ, ಅಮೆರಿಕದ ವಿಷವಿಲ್ಲದ ಕಾರ್ನ್ ಸ್ನೇಕ್ ಇರಲಿ, ಒಂದಕ್ಕೆ ಒಂದು ಗೂಡು. ಕಿಂಗ್‌ಸ್ನೇಕ್ ಸಾಕುವವರಂತೂ ಜೋಡಿಯಾಗಿಡುವ ಬಗ್ಗೆ ಯೋಚಿಸುವುದೂ ಬೇಡ. ಅದು ನಮ್ಮ ಕಾಳಿಂಗವಲ್ಲ, ಅಮೆರಿಕದ ವಿಷವಿಲ್ಲದ ಹಾವು. ಆದರೂ ಕಾಡಿನಲ್ಲಿ ಹಾವನ್ನೇ ತಿನ್ನುವ ಜಾತಿ, ಜೊತೆಗಿಟ್ಟ ಹಾವು ಅದರ ಲೆಕ್ಕದಲ್ಲಿ ಊಟ. ಕಾಳಿಂಗ ಕೇರೆಯನ್ನು ನುಂಗುವುದನ್ನು ಕಂಡ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲು ಕಾಗದಪತ್ರ. ಇಲ್ಲಿ ಹೇಳುತ್ತಿರುವುದೆಲ್ಲ ವಿದೇಶಿ ಜಾತಿಗಳ ಬಗ್ಗೆ. ತೋಟದಲ್ಲಿ ಸಿಕ್ಕ ಕೇರೆ, ಹೆಬ್ಬಾವು, ಹಸಿರು ಹಾವು ಯಾವುದನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ, ಅರಣ್ಯ ಇಲಾಖೆಗೆ ತಿಳಿಸುವುದೊಂದೇ ದಾರಿ. ಬಾಲ್ ಪೈಥಾನ್ ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಮಿತಿ ಹಾಕುವ ಒಪ್ಪಂದ) ಪಟ್ಟಿಯಲ್ಲಿರುವುದರಿಂದ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಮರಿ ಹುಟ್ಟಿದರೆ ಅದರ ಲೆಕ್ಕವನ್ನೂ ಕೊಡಬೇಕು. ಗಂಡು ಹೆಣ್ಣು ಯಾವುದೆಂದು ಗೊತ್ತಿಲ್ಲದೆ ಎರಡನ್ನು ಒಟ್ಟಿಗೆ ಇಡುವವರು ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿಕೊಳ್ಳಲಿ.

ಕೊಡಗಿನಲ್ಲಿ ತೊಂದರೆ ಹೆಚ್ಚೇಕೆ?

ಹಾವಿನ ಮೈಯಲ್ಲಿ ಒಲೆ ಇಲ್ಲ, ಶಾಖವನ್ನು ಹೊರಗಿನಿಂದಲೇ ಪಡೆಯಬೇಕು. ಬಾಲ್ ಪೈಥಾನ್‌ಗೆ ಗೂಡಿನ ಒಂದು ತುದಿ 31ರಿಂದ 32 ಡಿಗ್ರಿ, ಇನ್ನೊಂದು ತುದಿ 25ರ ಆಸುಪಾಸು ಇರಬೇಕು. ಕಾರ್ನ್ ಸ್ನೇಕ್‌ಗೆ 29ರಿಂದ 30 ಮತ್ತು 23 ಸಾಕು. ಬಯಲುಸೀಮೆಯ ಮನೆಯಲ್ಲಿ ಹೀಟರ್ ಕೈಕೊಟ್ಟರೂ ಕೋಣೆಯೇ ಬೆಚ್ಚಗಿರುತ್ತದೆ. ಮಡಿಕೇರಿಯಲ್ಲಿ ಕಕ್ಕಡದ (ಜುಲೈ, ಆಗಸ್ಟ್ ನಡುವಿನ ಮಳೆ ತಿಂಗಳು) ಮಧ್ಯಾಹ್ನವೂ 20, 22 ಡಿಗ್ರಿ ದಾಟುವುದು ಕಷ್ಟ. ಬಟ್ಟೆಯೇ ವಾರಗಟ್ಟಲೆ ಒಣಗದ ಮನೆಯಲ್ಲಿ ಹೀಟರ್ ಕೆಳಗಿನ ಆ ಒಂದು ಅಡಿ ಜಾಗವೇ ಹಾವಿಗೆ ಸರ್ವಸ್ವ. ದೊಡ್ಡದು ಅಲ್ಲಿ ಮಲಗಿದರೆ ಚಿಕ್ಕದಕ್ಕೆ ತಣ್ಣನೆಯ ಮೂಲೆಯೇ ಗತಿ. ತಣ್ಣಗಾದ ಹಾವಿಗೆ ತಿಂದದ್ದು ಕರಗುವುದಿಲ್ಲ. ಹೊಟ್ಟೆಯಲ್ಲೇ ಇಲಿ ಕೊಳೆಯುತ್ತದೆ, ನಾಲ್ಕೈದು ದಿನಕ್ಕೆ ಕಕ್ಕುತ್ತದೆ. ಯಾವುದು ಕಕ್ಕಿತು? ಒಂದೇ ಪೆಟ್ಟಿಗೆಯಲ್ಲಿ ಎರಡಿದ್ದರೆ ಅದೂ ತಿಳಿಯದು. ಬೇಧಿ, ರಕ್ತ, ಅರ್ಧಕ್ಕೆ ನಿಂತ ಪೊರೆ, ಯಾವುದರ ಒಡೆಯ ಯಾರೆಂದು ಹೇಳಲಾಗದೆ ವೈದ್ಯರ ಮುಂದೆ ಕೈಚೆಲ್ಲಿ ನಿಲ್ಲಬೇಕಾಗುತ್ತದೆ.

ಕೆನಡಾದ ಪ್ರಯೋಗಾಲಯವೊಂದರಲ್ಲಿ ಎಳೆಯ ಬಾಲ್ ಪೈಥಾನ್‌ಗಳಿಗೆ ಸಾಕಷ್ಟು ಅಡಗುತಾಣ ಕೊಟ್ಟರೂ ಅವು ಒಂದೇ ಕಡೆ ಗುಂಪಾಗಿ ಕೂರುವುದನ್ನು ಸಂಶೋಧಕರು ಕಂಡಿದ್ದಾರೆ. ಒಟ್ಟಿಗೆ ಇಡಬಹುದು ಎನ್ನುವವರು ಇದನ್ನೇ ಹಿಡಿದು ವಾದಿಸುತ್ತಾರೆ. ಹಾವು ನಾವೆಂದುಕೊಂಡಷ್ಟು ಒಂಟಿ ಜೀವಿಯಲ್ಲ ಎಂಬುದಕ್ಕೆ ಅದು ಒಳ್ಳೆಯ ಪುರಾವೆ, ಒಪ್ಪೋಣ. ಆದರೆ ಅದು ಕೆಲವೇ ದಿನಗಳ ವೀಕ್ಷಣೆ. ಊಟದ ಹೊತ್ತಿನ ಅಪಾಯಕ್ಕೂ ರೋಗ ಹರಡುವುದಕ್ಕೂ ಅದರಲ್ಲಿ ಪರಿಹಾರವಿಲ್ಲ.

ಬೇರ್ಪಡಿಸುವ ದಿನ

ಕಾಯಂ ಗೂಡು ಸಿದ್ಧವಾಗಲಿ ಎಂದು ಕಾಯಬೇಡಿ. ಗಟ್ಟಿ ಕ್ಲಿಪ್ ಮುಚ್ಚಳದ 50 ಲೀಟರ್ ಪ್ಲಾಸ್ಟಿಕ್ ಡಬ್ಬ ತನ್ನಿ. ಸೋಲ್ಡರಿಂಗ್ ಕಡ್ಡಿಯಿಂದ ಮೇಲ್ಭಾಗದ ನಾಲ್ಕೂ ಬದಿಗೆ 5 ಮಿಲಿಮೀಟರ್‌ನ 20, 25 ತೂತು ಹಾಕಿ. ಒಳಗಿನ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ಇಲ್ಲದಿದ್ದರೆ ಮೂತಿ ತರಚುತ್ತದೆ. ಕೆಳಗೆ ಬಿಳಿ ಟಿಶ್ಯೂ ಕಾಗದ, ಒಂದು ನೀರಿನ ಬಟ್ಟಲು, ಬಾಯಿ ಕೆಳಗಾದ ಮಡಕೆಯ ಎರಡು ಹೋಳು. ಡಬ್ಬದ ಮೂರನೇ ಒಂದು ಭಾಗದ ಅಡಿಗೆ ಹೀಟ್ ಮ್ಯಾಟ್, ಅದಕ್ಕೆ ಕಡ್ಡಾಯವಾಗಿ ಥರ್ಮೋಸ್ಟಾಟ್ (ಶಾಖ ಮಿತಿ ಮೀರದಂತೆ ತಡೆಯುವ ಸಾಧನ). ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ 45 ಡಿಗ್ರಿ ದಾಟಬಲ್ಲದು. ಹಾವು ಎದ್ದು ಹೋಗುವುದಿಲ್ಲ, ಹೊಟ್ಟೆ ಸುಟ್ಟುಕೊಂಡು ಅಲ್ಲೇ ಮಲಗಿರುತ್ತದೆ.

ಹೊಸ ಡಬ್ಬಕ್ಕೆ ಹೋಗಬೇಕಾದದ್ದು ಎರಡರಲ್ಲಿ ಬಲವಾದ ಹಾವು. ಸೊರಗಿದ್ದು ಪರಿಚಿತ ಜಾಗದಲ್ಲೇ ಇದ್ದು ಬೆಚ್ಚನೆ ಮೂಲೆಯನ್ನು ಮೊದಲ ಬಾರಿಗೆ ಪೂರ್ತಿ ಅನುಭವಿಸಲಿ. ಸಾಗಿಸುವ ಮುನ್ನ ಎರಡನ್ನೂ ಅಡುಗೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಗ್ರಾಂ ಲೆಕ್ಕದಲ್ಲಿ ಬರೆದಿಡಿ. ಏಳು ದಿನ ಮುಟ್ಟಬೇಡಿ, ಊಟವನ್ನೂ ಹಾಕಬೇಡಿ. ಆಮೇಲೆ ವಾರಕ್ಕೊಮ್ಮೆ ತೂಕ. ಶೇ 10ಕ್ಕಿಂತ ಹೆಚ್ಚು ಇಳಿದರೆ ಸರೀಸೃಪ ಬಲ್ಲ ವೈದ್ಯರಲ್ಲಿಗೆ ಹೋಗಬೇಕು.

ಇನ್ನು ಮೂರು ತಿಂಗಳು ಎರಡನ್ನೂ ರೋಗ ಇರಬಹುದಾದ ಹಾವೆಂದೇ ನೋಡಿಕೊಳ್ಳಿ, ಏಕೆಂದರೆ ಒಂದಕ್ಕಿದ್ದದ್ದು ಇನ್ನೊಂದಕ್ಕೂ ತಗುಲಿರಬಹುದು. ಮೊದಲು ಹುಡುಕಬೇಕಾದದ್ದು ನುಸಿ. ಬಿಳಿ ಕಾಗದದ ಮೇಲೆ ಓಡುವ ಕರಿ ಚುಕ್ಕಿ, ನೀರಿನ ಬಟ್ಟಲಿನ ತಳದಲ್ಲಿ ಗಸಗಸೆಯಂಥ ಕಾಳು, ಹಾವು ಗಂಟೆಗಟ್ಟಲೆ ನೀರಲ್ಲೇ ಕೂರುವುದು ಇದರ ಗುರುತು. ನಾಯಿಯ ಉಣ್ಣೆಗೆಂದು ತಂದ ಸ್ಪ್ರೇಯನ್ನು ಸ್ವಂತ ಬುದ್ಧಿಯಿಂದ ಹೊಡೆದರೆ ನುಸಿಯ ಜೊತೆ ಹಾವೂ ಹೋಗುತ್ತದೆ. ಬಾಯಿ ತೆರೆದು ಉಸಿರಾಡುವುದು, ಮೂಗಲ್ಲಿ ಗುಳ್ಳೆ ಬರುವುದು ಶ್ವಾಸಕೋಶದ ಸೋಂಕಿನ ಲಕ್ಷಣ. ಪೈಥಾನ್‌ಗಳಲ್ಲಿ ನಿಡೋವೈರಸ್‌ನಿಂದಲೂ ಹೀಗಾಗುತ್ತದೆ. ಪಾತ್ರೆಗಳನ್ನು ಒಂದು ಪಾಲು ಬ್ಲೀಚ್‌ಗೆ ಹತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ತೊಳೆದು, ವಾಸನೆ ಹೋಗುವವರೆಗೆ ಒಣಗಿಸಿ. ಹೊಟ್ಟೆಯ ನಡುಭಾಗ ಊದಿ ಪದೇ ಪದೇ ಕಕ್ಕುವ ಹಾವಿದ್ದರೆ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಸೂಕ್ಷ್ಮಜೀವಿ ಇರಬಹುದು. ಅದು ಬ್ಲೀಚ್‌ಗೆ ಜಗ್ಗದು. ಮರದ ಸಾಮಾನು ಸುಡುವುದೇ ಲೇಸು. ಎರಡು ಹಾವಿಗೆ ಬೇರೆ ಬೇರೆ ಚಿಮಟ, ಬೇರೆ ಬಟ್ಟಲು, ನಡುವೆ ಸೋಪಿನಲ್ಲಿ ಕೈತೊಳೆತ.

ಕಾಯಂ ಗೂಡು

ನಾಲ್ಕು ಅಡಿ ಬೆಳೆಯುವ ಹಾವಿಗೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಇಲ್ಲಿನ ಮಳೆಗೆ ಸಾಮಾನ್ಯ ಪ್ಲೈವುಡ್ ಎರಡು ವರ್ಷದಲ್ಲಿ ಬೂಸ್ಟು ಹಿಡಿದು ಉಬ್ಬುತ್ತದೆ. 18 ಮಿಲಿಮೀಟರ್ ಪಿವಿಸಿ ಫೋಮ್ ಬೋರ್ಡ್ ಹಾಕಿಸಿ, ಇಲ್ಲವೇ ಮರೈನ್ ಪ್ಲೈ. ಆರಡಿಯ ಹಳೆ ಪೆಟ್ಟಿಗೆಗೆ ನಡುವೆ ಜಾಲರಿ ಹಾಕಿ ಎರಡು ಮಾಡಿದರೆ ಸಾಲದೇ ಎಂದು ಕೇಳುತ್ತಾರೆ. ಸಾಲದು. ನುಸಿಗೆ ಜಾಲರಿ ಹೆಬ್ಬಾಗಿಲಿದ್ದಂತೆ. ಮುಂದೆ ಜಾರುವ ಗಾಜು, ಅದಕ್ಕೆ ಅಂಗಡಿ ಶೋಕೇಸಿಗೆ ಹಾಕುವ ಬೀಗ ಇರಲಿ. ತಪ್ಪಿಸಿಕೊಂಡ ಬಾಲ್ ಪೈಥಾನ್ ಪಕ್ಕದ ಮನೆಯವರ ಕಣ್ಣಿಗೆ ಮಂಡಲದಂತೆಯೇ ಕಾಣುತ್ತದೆ, ಅದರ ಗತಿ ಊಹಿಸಬಹುದು.

ಮೇಲಿನಿಂದ 100 ವ್ಯಾಟ್ ಸೆರಾಮಿಕ್ ಹೀಟರ್, ಸುತ್ತ ತಂತಿ ಬುಟ್ಟಿ. ಥರ್ಮೋಸ್ಟಾಟಿನ ಸಂವೇದಕವನ್ನು ಹೀಟರ್ ಕೆಳಗೆ, ಹಾವು ಮಲಗುವ ಎತ್ತರದಲ್ಲಿ ಕಟ್ಟಿ. ಬೆಚ್ಚನೆ ತುದಿಯಲ್ಲಿ ಒಂದು, ತಣ್ಣನೆ ತುದಿಯಲ್ಲಿ ಒಂದು ಅಡಗುತಾಣ. ಹತ್ತಲು ಕೊಂಬೆಗೆ ಕಿತ್ತ ಹಳೆ ಕಾಫಿ ಗಿಡದ ಬುಡ ಚೆನ್ನಾಗಿ ಒಪ್ಪುತ್ತದೆ, ಗಟ್ಟಿ ಮರ, ತಿರುಚು ಮುರುಚು. ಆದರೆ ಕಾಂಡಕೊರಕಕ್ಕೆ ಔಷಧಿ ಬಳಿದ ಕಾಂಡ, ಬೋರ್ಡೋ ದ್ರಾವಣ ಹೊಡೆದ ಕೊಂಬೆ ಬೇಡ. ಔಷಧಿ ಕಾಣದ ಬೇರಿನ ಭಾಗವನ್ನು ಆರಿಸಿ, ತೊಗಟೆ ಕೆರೆದು, ಕುದಿಸಿ, ಬಿಸಿಲಿಗೆ ಒಣಗಿಸಿ. ಕಾಫಿ ಹೊಟ್ಟನ್ನು ಹಾಸಲೇಬೇಡಿ, ತೇವ ತಗುಲಿದ ಕೂಡಲೇ ಬೂಸ್ಟು. ತೆಂಗಿನ ನಾರಿನ ಪುಡಿ ಸಾಕು.

ತೇವಾಂಶದ ಬಗ್ಗೆ ಇಲ್ಲಿನವರಿಗೆ ಅನಗತ್ಯ ಗಾಬರಿ. ಹೊರಗೆ 20 ಡಿಗ್ರಿಯಲ್ಲಿ ಶೇ 95 ತೇವ ಇರುವ ಗಾಳಿ ಗೂಡಿನೊಳಗೆ 31 ಡಿಗ್ರಿಗೆ ಬಿಸಿಯಾದರೆ ಶೇ 50ರ ಹತ್ತಿರಕ್ಕೆ ಇಳಿಯುತ್ತದೆ, 25 ಡಿಗ್ರಿಯ ತಣ್ಣನೆ ತುದಿಯಲ್ಲಿ ಶೇ 70. ಬಾಲ್ ಪೈಥಾನ್‌ಗೆ ಬೇಕಾದದ್ದೂ ಅಷ್ಟೇ. ಹೀಟರ್ ಉರಿಯುತ್ತಿದ್ದು ಗಾಳಿಕಿಂಡಿ ತೆರೆದಿದ್ದರೆ ಮಳೆಗಾಲದಲ್ಲಿ ನೀರು ಚಿಮುಕಿಸುವ ಕೆಲಸವೇ ಇಲ್ಲ. ಜನವರಿಯಿಂದ ಮಾರ್ಚ್‌ವರೆಗೆ, ಅದರಲ್ಲೂ ಕುಶಾಲನಗರದ ಕಡೆ, ಒಂದು ಅಡಗುತಾಣದೊಳಗೆ ಒದ್ದೆ ಪಾಚಿ ಇಡಿ, ಪೊರೆ ಸಲೀಸಾಗಿ ಕಳಚುತ್ತದೆ.

ಕಷ್ಟ ಬರುವುದು ಕರೆಂಟ್ ಹೋದಾಗ. 12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಬಳಸಲು ಸಿಗುವುದು ಸುಮಾರು 1,200 ವ್ಯಾಟ್ ಅವರ್. ಎರಡು ಗೂಡಿನ ಹೀಟರ್‌ಗಳು ಥರ್ಮೋಸ್ಟಾಟಿನಿಂದಾಗಿ ಅರ್ಧ ಹೊತ್ತು ಮಾತ್ರ ಉರಿದರೆ 10ರಿಂದ 12 ಗಂಟೆ ನಡೆಯುತ್ತದೆ, ಮನೆಯ ದೀಪ, ಟಿವಿ ಅದರಲ್ಲಿ ಸೇರಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಲೈನ್ ಬರದಿದ್ದರೆ ಹಾವನ್ನು ಬಟ್ಟೆ ಚೀಲದಲ್ಲಿ ಕಟ್ಟಿ ತೂತು ಹಾಕಿದ ಥರ್ಮೋಕೋಲ್ ಪೆಟ್ಟಿಗೆಗೆ ಸೇರಿಸಿ, ಟವೆಲ್ ಸುತ್ತಿದ ಬಿಸಿನೀರ ಬಾಟಲಿಯನ್ನು ಪಕ್ಕದಲ್ಲಿಡಿ. ಇಲ್ಲಿಯೂ ಚೀಲ ಬೇರೆ, ಪೆಟ್ಟಿಗೆ ಬೇರೆ. ಕರೆಂಟ್ ಬಂದು ಎರಡು ದಿನವಾಗುವವರೆಗೆ ಊಟ ಬೇಡ.

ಊಟ

ಒಟ್ಟಿಗೆ ಇಟ್ಟವರಿಗೆ ಅನಾಹುತ ಆಗುವುದು ಹೆಚ್ಚಾಗಿ ಇಲ್ಲೇ. ಇಲಿಯ ವಾಸನೆ ಬಿದ್ದ ಮೇಲೆ ಹಾವಿಗೆ ಅಲುಗಾಡಿದ್ದೆಲ್ಲ ಇಲಿ. ಒಂದೇ ಇಲಿಯ ತಲೆ ಒಂದು, ಬಾಲ ಒಂದು ಹಿಡಿದರೆ ನಡುವೆ ಸಿಕ್ಕ ಮೂತಿಯ ಸಮೇತ ದೊಡ್ಡದು ನುಂಗುತ್ತಾ ಹೋಗುತ್ತದೆ. ಹಾವಿನ ಹಲ್ಲು ಹಿಂದಕ್ಕೆ ಬಾಗಿರುವುದರಿಂದ ಎಳೆಯಬಾರದು, ಹಲ್ಲು ಮುರಿಯುತ್ತದೆ, ಬಾಯಿ ಹರಿಯುತ್ತದೆ. ಕತ್ತರಿಯಿಂದ ಇಲಿಯನ್ನು ನಡುವೆ ಕತ್ತರಿಸಿ. ಹಾವಿಗೆ ಹಾವೇ ಕಚ್ಚಿಕೊಂಡಿದ್ದರೆ ನಲ್ಲಿಯ ತಣ್ಣೀರು ತಲೆಯ ಮೇಲೆ ಹರಿಯಲಿ, ಸಡಿಲ ಬಿಡುತ್ತದೆ.

ಬೇರ್ಪಡಿಸಿದ ಮೇಲೆ ಎರಡಕ್ಕೂ ಅವರವರ ಗೂಡಿನಲ್ಲೇ ಊಟ. ಕೊಂದು ಫ್ರೀಜ್ ಮಾಡಿದ ಇಲಿಯನ್ನು ರಾತ್ರಿಯಿಡೀ ಫ್ರಿಜ್ಜಿನ ಕೆಳಭಾಗದಲ್ಲಿ ಕರಗಿಸಿ, 40 ಡಿಗ್ರಿ ನೀರಿನಲ್ಲಿ ಬೆಚ್ಚಗಾಗಿಸಿ, ಉದ್ದ ಚಿಮಟದಲ್ಲಿ ಹಿಡಿದು ಕೊಡಿ. ಗಾತ್ರ ಹಾವಿನ ಮೈಯ ಅತಿ ದಪ್ಪ ಭಾಗದಷ್ಟು. ಬೆಳೆದ ಕಾರ್ನ್ ಸ್ನೇಕ್‌ಗೆ 10ರಿಂದ 14 ದಿನಕ್ಕೊಮ್ಮೆ, ಬಾಲ್ ಪೈಥಾನ್‌ಗೆ ಎರಡು ಮೂರು ವಾರಕ್ಕೊಮ್ಮೆ. ತಿಂದ 48 ಗಂಟೆ ಎತ್ತಿಕೊಳ್ಳಬೇಡಿ.

ಗಂಡು ಹೆಣ್ಣು ಒಟ್ಟಿಗಿದ್ದವು ಎಂದಾದರೆ ಬೇರ್ಪಡಿಸಿದ ಮೇಲೂ ಹೆಣ್ಣಿನ ಮೇಲೆ ಕಣ್ಣಿರಲಿ. ಅದು ವೀರ್ಯವನ್ನು ತಿಂಗಳುಗಟ್ಟಲೆ ಒಳಗೆ ಉಳಿಸಿಕೊಳ್ಳಬಲ್ಲದು, ಇನ್ನೂ ಬೆಳೆಯದ ಹೆಣ್ಣಿಗೆ ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಜೀವಕ್ಕೆ ಕುತ್ತು. ಹಿಂಬದಿ ಉಬ್ಬಿ ಊಟ ಬಿಟ್ಟರೆ ಒದ್ದೆ ಪಾಚಿ ತುಂಬಿದ ಡಬ್ಬವೊಂದನ್ನು ಬೆಚ್ಚನೆ ತುದಿಯಲ್ಲಿ ಇಡಿ. ಒಂದಷ್ಟು ಮೊಟ್ಟೆ ಇಟ್ಟು ಅರ್ಧಕ್ಕೆ ನಿಲ್ಲಿಸಿ ಎರಡು ದಿನವಾದರೂ ಉಬ್ಬು ಇಳಿಯದಿದ್ದರೆ ವೈದ್ಯರಿಗೆ ತೋರಿಸಿ, ಹೊಟ್ಟೆ ಒತ್ತಿ ಹೊರತೆಗೆಯಲು ಹೋಗಬೇಡಿ.